ಗಿಡಮೂಲಿಕೆ ಔಷಧಿ: ಉಪಯೋಗ ಎಷ್ಟು, ಅಪಾಯ ಎಲ್ಲಿ? ಪದೇ ಪದೇ ಕೇಳುವ ಪ್ರಶ್ನೆಗಳು

ಹಿತ್ತಲಿನ ದೊಡ್ಡಪತ್ರೆಯೂ ಗಿಡಮೂಲಿಕೆ, ಆನ್‌ಲೈನ್‌ನಲ್ಲಿ ತರಿಸಿದ ಅಶ್ವಗಂಧದ ಕ್ಯಾಪ್ಸೂಲ್ ಕೂಡ ಗಿಡಮೂಲಿಕೆ, ಪಾದರಸ ಸೇರಿದ ಗುಳಿಗೆಯನ್ನೂ ಜನ ಅದೇ ಹೆಸರಿನಿಂದ ಕರೆಯುತ್ತಾರೆ. ಹೆಸರು ಒಂದೇ ಆದರೂ ಅಪಾಯ ಒಂದೇ ಅಲ್ಲ. ಮುಂದಿನ ಉತ್ತರಗಳಲ್ಲೆಲ್ಲ ಐದು ಪ್ರಶ್ನೆಗಳು ತಿರುಗಿ ತಿರುಗಿ ಬರುತ್ತವೆ: ಯಾವ ಗಿಡ, ಅದರ ಯಾವ ಭಾಗ, ಎಷ್ಟು, ಎಷ್ಟು ದಿನ, ಬೇರೆ ಯಾವ ಮಾತ್ರೆಯ ಜೊತೆ. ಇವುಗಳಲ್ಲಿ ಒಂದಕ್ಕೆ ಉತ್ತರ ಗೊತ್ತಿಲ್ಲದಿದ್ದರೂ ಔಷಧಿ ಬಾಯಿಗೆ ಹಾಕಿಕೊಳ್ಳಬೇಡಿ.

ಗಿಡಮೂಲಿಕೆ ಅಂದಮೇಲೆ ಸೈಡ್ ಇಫೆಕ್ಟ್ ಇಲ್ಲ ಅಲ್ವಾ?

ಇದೆ. ಮೈಮೇಲೆ ಕೆಲಸ ಮಾಡುವ ವಸ್ತು ಯಾವುದೇ ಇರಲಿ, ಹೆಚ್ಚಾದರೆ ಅಥವಾ ತಪ್ಪಾದ ಮನುಷ್ಯನಿಗೆ ಕೊಟ್ಟರೆ ತೊಂದರೆ ಕೊಡುತ್ತದೆ. ಸರ್ಪಗಂಧದ ಬೇರನ್ನೇ ನೋಡಿ. ಅದು ರಕ್ತದೊತ್ತಡ ಇಳಿಸುತ್ತದೆ ಎಂದು ಮುಂಬೈನ ಹೃದ್ರೋಗ ತಜ್ಞ ರುಸ್ತೊಮ್ ಜಾಲ್ ವಕೀಲ್ 1949ರಲ್ಲಿ ಬ್ರಿಟಿಷ್ ಹೃದ್ರೋಗ ಪತ್ರಿಕೆಯಲ್ಲಿ ಬರೆದರು. 1952ರಲ್ಲಿ ಅದರಿಂದ ರೆಸರ್ಪಿನ್ ಎಂಬ ಅಂಶವನ್ನು ಬೇರ್ಪಡಿಸಿದರು, ಅದು ಜಗತ್ತಿನಾದ್ಯಂತ ಬಿಪಿ ಮಾತ್ರೆಯಾಯಿತು. ಅದೇ ರೆಸರ್ಪಿನ್ ಕೆಲವರಲ್ಲಿ ಖಿನ್ನತೆ ತರುತ್ತದೆ, ಮೂಗು ಕಟ್ಟಿಸುತ್ತದೆ, ನಾಡಿ ನಿಧಾನ ಮಾಡುತ್ತದೆ. ಗುಣ ಮತ್ತು ದೋಷ ಎರಡೂ ಒಂದೇ ಬೇರಿನಲ್ಲಿವೆ.

ವಿಷದ ಗಿಡಗಳು ನಮ್ಮ ಸುತ್ತಲೇ ಇವೆ: ಕಾಸರಕ, ವತ್ಸನಾಭಿ, ಉಮ್ಮತ್ತಿ, ಗುಲಗಂಜಿ, ಎಕ್ಕ, ಕಣಗಿಲೆ. ಇವುಗಳಲ್ಲಿ ಕೆಲವನ್ನು ಆಯುರ್ವೇದ ಬಳಸುವುದು ನಿಜ, ಆದರೆ ಶೋಧನೆ ಮಾಡಿದ ಮೇಲೆ. ಗೋಮೂತ್ರದಲ್ಲಿ, ಹಾಲಿನಲ್ಲಿ ನೆನೆಸಿ ಕುದಿಸಿ ವಿಷದ ತೀವ್ರತೆ ತಗ್ಗಿಸುವ ಆ ಕೆಲಸವನ್ನು ಮನೆಯಲ್ಲಿ ಮಾಡಲು ಹೋಗಬೇಡಿ.

ಹಾಗಾದರೆ ನಿಜವಾಗಿ ಕೆಲಸ ಮಾಡುವುದು ಯಾವುದು?

ಕೆಲವು ಚೆನ್ನಾಗಿಯೇ ಕೆಲಸ ಮಾಡುತ್ತವೆ, ಅದನ್ನು ಒಪ್ಪದವರ ಜೊತೆ ನಾವಿಲ್ಲ. ಮಲಬದ್ಧತೆಗೆ ಇಸಬಗೋಲ್: ಒಂದರಿಂದ ಎರಡು ಟೀ ಚಮಚ, ದೊಡ್ಡ ಲೋಟ ತುಂಬ ನೀರಿನಲ್ಲಿ ಕಲಸಿ ತಕ್ಷಣ ಕುಡಿಯಬೇಕು. ನೀರು ಕಡಿಮೆಯಾದರೆ ಅದು ಗಂಟಲಲ್ಲೇ ಉಬ್ಬಿ ಸಿಕ್ಕಿಕೊಳ್ಳುತ್ತದೆ. ನುಂಗಲು ಕಷ್ಟವಿರುವ ವಯಸ್ಸಾದವರಿಗೆ ಕೊಡಬಾರದು. ಥೈರಾಯ್ಡ್ ಮಾತ್ರೆ ಮತ್ತು ಇತರ ಮಾತ್ರೆಗಳಿಗೂ ಇದಕ್ಕೂ ಕನಿಷ್ಠ ಎರಡು ಗಂಟೆ ಅಂತರವಿರಲಿ. ಸೋನಾಮುಖಿ ಎಲೆಯೂ ಭೇದಿ ಮಾಡಿಸುತ್ತದೆ, ಆದರೆ ವಾರಕ್ಕಿಂತ ಹೆಚ್ಚು ದಿನ ಅದರ ಮೇಲೆ ನಿಂತರೆ ಕರುಳು ಸೋಮಾರಿಯಾಗುತ್ತದೆ, ಪೊಟ್ಯಾಸಿಯಂ ಇಳಿಯುತ್ತದೆ.

ವಾಕರಿಕೆಗೆ ಶುಂಠಿ ಸಹಾಯಕ. ದಿನಕ್ಕೆ ಸುಮಾರು 1 ಗ್ರಾಂ ಒಣಶುಂಠಿಯನ್ನು ಮೂರು ನಾಲ್ಕು ಪಾಲು ಮಾಡಿ ಬಸುರಿಯರಿಗೆ ಕೊಟ್ಟು ಪರೀಕ್ಷಿಸಿದ ಅಧ್ಯಯನಗಳಿವೆ. ಕಫಕ್ಕೆ ನಮ್ಮವರು ಕೊಡುವ ಆಡುಸೋಗೆಯ ವ್ಯಾಸಿಸಿನ್ ಎಂಬ ಅಂಶವನ್ನು ಮಾದರಿಯಾಗಿಟ್ಟುಕೊಂಡೇ ಕೆಮ್ಮಿನ ಸಿರಪ್ಪಿನಲ್ಲಿರುವ ಬ್ರೋಮ್‌ಹೆಕ್ಸಿನ್ ಮತ್ತು ಆಂಬ್ರಾಕ್ಸಾಲ್ ತಯಾರಾದವು. ಆದರೆ ಆಡುಸೋಗೆ ಗರ್ಭಕೋಶವನ್ನು ಸಂಕುಚಿಸಬಲ್ಲದು, ಬಸುರಿಯರಿಗೆ ಬೇಡ.

ಚೀನಾದ ತು ಯೂಯೂ ಮಲೇರಿಯಾಕ್ಕೆ ಆರ್ಟೆಮಿಸಿನಿನ್ ಕಂಡುಹಿಡಿದು 2015ರಲ್ಲಿ ನೊಬೆಲ್ ಪಡೆದದ್ದೂ ಗಿಡದಿಂದಲೇ. ಆದರೆ ಇಂದು ಮಲೇರಿಯಾಕ್ಕೆ ಕೊಡುವುದು ಆ ಗಿಡದ ಕಷಾಯವನ್ನಲ್ಲ. ಅಳತೆ ಮಾಡಿದ ಮಾತ್ರೆಯನ್ನು, ಇನ್ನೊಂದು ಔಷಧಿಯ ಜೊತೆ ಸೇರಿಸಿ ಕೊಡುತ್ತಾರೆ.

ಕಷಾಯ ಎಷ್ಟು ಹಾಕಬೇಕು, ಹೇಗೆ ಕುದಿಸಬೇಕು?

ಹೆಚ್ಚಿನ ತಪ್ಪು ನಡೆಯುವುದೇ ಇಲ್ಲಿ, ಅದಕ್ಕೇ ಸ್ವಲ್ಪ ವಿವರವಾಗಿ ಹೇಳುತ್ತೇವೆ.

ಗಟ್ಟಿಯಾದ ತೊಗಟೆ, ಬೇರು ಇದ್ದರೆ ಶಾಸ್ತ್ರದ ಲೆಕ್ಕ ಒಂದಕ್ಕೆ ಹದಿನಾರು ಪಾಲು ನೀರು. 10 ಗ್ರಾಂ ತರಿತರಿ ಪುಡಿಗೆ 160 ಮಿಲಿ ನೀರು ಹಾಕಿ, ಮುಚ್ಚಳ ಮುಚ್ಚದೆ ಸಣ್ಣ ಉರಿಯಲ್ಲಿ ನಾಲ್ಕನೇ ಒಂದು ಭಾಗ, ಅಂದರೆ 40 ಮಿಲಿಗೆ ಇಳಿಸಿ ಸೋಸಬೇಕು. ಮೆತ್ತನೆಯ ಎಲೆಗೆ ಇಷ್ಟು ನೀರೂ ಬೇಡ, ಇಷ್ಟು ಹೊತ್ತೂ ಬೇಡ. ಸ್ಟೀಲ್ ಅಥವಾ ಮಣ್ಣಿನ ಪಾತ್ರೆ ಬಳಸಿ. ಹುಳಿ, ಒಗರು ಇರುವುದನ್ನು ಅಲ್ಯೂಮಿನಿಯಂ ಅಥವಾ ಕಲಾಯಿ ಇಲ್ಲದ ಹಿತ್ತಾಳೆಯಲ್ಲಿ ಕುದಿಸಬೇಡಿ. ಅಂದಿನದನ್ನು ಅಂದೇ ಕುಡಿಯಿರಿ. ವಾರಕ್ಕಾಗುವಷ್ಟು ಕುದಿಸಿ ಫ್ರಿಜ್ಜಿನಲ್ಲಿಡುವುದು ಕಷಾಯವಲ್ಲ, ಬೂಷ್ಟಿಗೆ ಆಹ್ವಾನ.

2020ರ ಕೊರೋನಾ ಕಾಲದಲ್ಲಿ ಆಯುಷ್ ಸಚಿವಾಲಯ ಹೇಳಿದ ಕಷಾಯದ ಪ್ರಮಾಣ ಹೀಗಿತ್ತು: ತುಳಸಿ 4 ಪಾಲು, ಚಕ್ಕೆ 2, ಒಣಶುಂಠಿ 2, ಕರಿಮೆಣಸು 1. ಆ ಮಿಶ್ರಣದ 3 ಗ್ರಾಂ ಮಾತ್ರ, 150 ಮಿಲಿ ಕುದಿಸಿದ ನೀರಿಗೆ, ದಿನಕ್ಕೆ ಒಂದೋ ಎರಡೋ ಸಲ. ಲೆಕ್ಕ ಹಾಕಿದರೆ ಒಂದು ಲೋಟಕ್ಕೆ ಮೆಣಸು ಮೂರನೇ ಒಂದು ಗ್ರಾಂ, ಅಂದರೆ ಆರೇಳು ಕಾಳು. ಅನೇಕ ಮನೆಗಳಲ್ಲಿ ಒಂದು ಮುಷ್ಟಿ ಮೆಣಸು ಕುಟ್ಟಿ ದಿನಕ್ಕೆ ನಾಲ್ಕು ಸಲ ಕುಡಿದರು. ಬಾಯಿಹುಣ್ಣು, ಎದೆಯುರಿ, ಮೂಲವ್ಯಾಧಿ ಉಲ್ಬಣವಾದರೆ ಆಶ್ಚರ್ಯವೇನಿದೆ?

ಚಮಚದ ಲೆಕ್ಕ ನಂಬಬೇಡಿ. ತಲೆ ಸವರಿದ ಚಮಚಕ್ಕೂ ಗೋಪುರ ಕಟ್ಟಿದ ಚಮಚಕ್ಕೂ ಎರಡು ಪಟ್ಟು ವ್ಯತ್ಯಾಸ. ಅಡುಗೆಮನೆಯ ಸಣ್ಣ ಡಿಜಿಟಲ್ ತಕ್ಕಡಿ ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಗಿಡಮೂಲಿಕೆ ಬಳಸುವ ಮನೆಯಲ್ಲಿ ಅದು ಇರಲೇಬೇಕು.

ಚಕ್ಕೆಯ ಬಗ್ಗೆ ಒಂದು ಮಾತು. ಅಂಗಡಿಯ ಚಕ್ಕೆ ದಪ್ಪಗಿದ್ದು, ಮರದ ಚೂರಿನಂತೆ ಒಂದೇ ಪದರವಾಗಿದ್ದರೆ ಅದು ಕ್ಯಾಸಿಯಾ. ಸಿಲೋನ್ ಚಕ್ಕೆ ಕಾಗದದಷ್ಟು ತೆಳ್ಳಗಿನ ಹಲವು ಪದರ ಸುತ್ತಿದ ಸುರುಳಿ, ಬೆರಳಲ್ಲಿ ಒತ್ತಿದರೆ ಪುಡಿಯಾಗುತ್ತದೆ. ಕ್ಯಾಸಿಯಾದಲ್ಲಿ ಯಕೃತ್ತಿಗೆ ಹಾನಿ ಮಾಡಬಲ್ಲ ಕೂಮರಿನ್ ಹೆಚ್ಚು. ಪಲಾವಿಗೆ ಒಂದು ತುಂಡು ಹಾಕಿದರೆ ಚಿಂತೆ ಇಲ್ಲ. ಶುಗರ್‌ಗೆಂದು ತಿಂಗಳುಗಟ್ಟಲೆ ಚಮಚ ಚಮಚ ತಿನ್ನುವವರು ಇದನ್ನು ನೋಡಿಕೊಳ್ಳಬೇಕು.

ಅಮೃತಬಳ್ಳಿ ಲಿವರ್‌ಗೆ ಕೆಟ್ಟದ್ದು ಅಂತಾರೆ, ನಿಜವೇ?

ಎಲ್ಲರಿಗೂ ಅಲ್ಲ. ಆದರೆ ಸುಳ್ಳು ಸುದ್ದಿಯೂ ಅಲ್ಲ. ಅಮೃತಬಳ್ಳಿ ಸೇವಿಸಿದ 6 ಮಂದಿಯಲ್ಲಿ ಯಕೃತ್ತಿನ ಉರಿಯೂತ ಕಂಡಿದ್ದನ್ನು ಮುಂಬೈನ ವೈದ್ಯರು 2021ರಲ್ಲಿ ವರದಿ ಮಾಡಿದರು. 2022ರಲ್ಲಿ ದೇಶದ ಹಲವು ಆಸ್ಪತ್ರೆಗಳ ವೈದ್ಯರು ಸೇರಿ ಇಂಥ 43 ಪ್ರಕರಣಗಳನ್ನು ಪ್ರಕಟಿಸಿದರು. ಬಹಳ ಪ್ರಕರಣಗಳಲ್ಲಿ ದೇಹದ ರೋಗನಿರೋಧಕ ಶಕ್ತಿಯೇ ಯಕೃತ್ತಿನ ಮೇಲೆ ತಿರುಗಿಬಿದ್ದ ಲಕ್ಷಣ ಕಂಡುಬಂದಿತ್ತು. ಆಯುಷ್ ಸಚಿವಾಲಯ ಇದನ್ನು ಒಪ್ಪಲಿಲ್ಲ. ಬೇರೆ ಜಾತಿಯ ಬಳ್ಳಿ ಬೆರೆತಿರಬಹುದು, ನಿಜವಾದ ಅಮೃತಬಳ್ಳಿ ಸುರಕ್ಷಿತ ಎಂಬುದು ಅದರ ವಾದ.

ನಮ್ಮ ಅಭಿಪ್ರಾಯದಲ್ಲಿ ಎರಡೂ ಕಡೆಯ ಮಾತಿನಿಂದ ಕಲಿಯುವುದಿದೆ. ಬಳ್ಳಿ ಗುರುತಿಸುವುದು ನಿಜಕ್ಕೂ ಕಷ್ಟ. ನಿಜವಾದ ಅಮೃತಬಳ್ಳಿಯಾದ ಟಿನೊಸ್ಪೊರಾ ಕಾರ್ಡಿಫೋಲಿಯಾದ ಎಲೆ ಹೃದಯದಾಕಾರ, ಎರಡೂ ಬದಿ ನುಣುಪು. ಎಲೆಯ ಕೆಳಬದಿ ಸವರಿದರೆ ಮೆತ್ತನೆ ರೋಮ ಕೈಗೆ ಸಿಕ್ಕರೆ ಅದು ಟಿನೊಸ್ಪೊರಾ ಸೈನೆನ್ಸಿಸ್. ಕಾಂಡದ ತುಂಬ ಎದ್ದು ಕಾಣುವ ಗಂಟುಗಂಟು ಇದ್ದರೆ ಟಿನೊಸ್ಪೊರಾ ಕ್ರಿಸ್ಪಾ. ನಿಜವಾದದ್ದರ ಕಾಂಡದ ಮೇಲೆ ತೆಳುವಾದ ಕಾಗದದಂಥ ಸಿಪ್ಪೆ, ಉಗುರಿನಿಂದ ಕೆರೆದರೆ ಒಳಗೆ ಹಸಿರು. ಒಣಗಿಸಿ ಪುಡಿ ಮಾಡಿದ ಮೇಲೆ ಈ ಗುರುತು ಯಾವುದೂ ಉಳಿಯುವುದಿಲ್ಲ.

ಥೈರಾಯ್ಡ್‌ನ ಹಾಶಿಮೊಟೊ, ಸಂಧಿವಾತ, ಲೂಪಸ್, ಸೋರಿಯಾಸಿಸ್‌ನಂಥ ಆಟೋಇಮ್ಯೂನ್ (ರೋಗನಿರೋಧಕ ಶಕ್ತಿ ಸ್ವಂತ ದೇಹದ ಮೇಲೇ ತಿರುಗುವ) ತೊಂದರೆ ಇರುವವರು, ಕೊಬ್ಬಿನ ಯಕೃತ್ತು ಇರುವವರು, ಮದ್ಯ ಕುಡಿಯುವವರು ಅಮೃತಬಳ್ಳಿಯನ್ನು ಸ್ವಂತ ನಿರ್ಧಾರದಿಂದ ದಿನವೂ ಕುಡಿಯಬಾರದು. ‘ಇಮ್ಯೂನಿಟಿ ಹೆಚ್ಚಲಿ’ ಎಂದು ತಿಂಗಳುಗಟ್ಟಲೆ ಕುಡಿಯುವುದಕ್ಕೆ ಆರೋಗ್ಯವಂತರಿಗೂ ಕಾರಣವಿಲ್ಲ.

ಅರಿಶಿನ ಎಷ್ಟಾದರೂ ತಿನ್ನಬಹುದಾ?

ಅಡುಗೆಯ ಅರಿಶಿನ ಬೇರೆ, ಅದರ ಮುಖ್ಯ ಅಂಶವಾದ ಕರ್ಕ್ಯುಮಿನ್‌ನ ಕ್ಯಾಪ್ಸೂಲ್ ಬೇರೆ. ಅಡುಗೆಯ ಅರಿಶಿನದಲ್ಲಿ ಕರ್ಕ್ಯುಮಿನ್ ಇರುವುದು ನೂರಕ್ಕೆ ಮೂರು ನಾಲ್ಕು ಭಾಗ, ಅದರಲ್ಲೂ ಬಹುಪಾಲು ರಕ್ತಕ್ಕೆ ಸೇರದೆ ಹೊರಹೋಗುತ್ತದೆ. 1998ರಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಸಂಶೋಧಕರು 2 ಗ್ರಾಂ ಕರ್ಕ್ಯುಮಿನ್ ಜೊತೆ ಮೆಣಸಿನ 20 ಮಿಲಿಗ್ರಾಂ ಪೈಪರಿನ್ ಕೊಟ್ಟಾಗ ಮನುಷ್ಯರಲ್ಲಿ ಅದರ ಹೀರುವಿಕೆ ಶೇ 2000ರಷ್ಟು ಏರಿತು. ಇಂದಿನ ಕ್ಯಾಪ್ಸೂಲುಗಳ ಮೇಲೆ ‘ಪೈಪರಿನ್ ಸಹಿತ’ ಎಂದು ಬರೆದಿರುವುದರ ಮೂಲ ಅದು. ಹೀರುವಿಕೆ ಏರಿದಾಗ ಅಪಾಯವೂ ಏರುತ್ತದೆ. ಇಂಥ ಕ್ಯಾಪ್ಸೂಲುಗಳಿಂದ ಯಕೃತ್ತಿಗೆ ಪೆಟ್ಟು ಬಿದ್ದ ಪ್ರಕರಣಗಳು ಇಟಲಿ, ಅಮೆರಿಕಗಳಲ್ಲಿ ದಾಖಲಾಗಿವೆ. ಪೈಪರಿನ್ ಅಷ್ಟಕ್ಕೇ ನಿಲ್ಲದೆ ಮೂರ್ಛೆರೋಗದ ಫೆನಿಟಾಯಿನ್, ಬಿಪಿಯ ಪ್ರೊಪ್ರನಲಾಲ್‌ನಂಥ ಮಾತ್ರೆಗಳ ಮಟ್ಟವನ್ನೂ ಏರಿಸುತ್ತದೆ.

ಪಿತ್ತಕೋಶದಲ್ಲಿ ಕಲ್ಲಿರುವವರು ಕ್ಯಾಪ್ಸೂಲ್ ಬಿಟ್ಟುಬಿಡಿ. ಬಿಡಿಯಾಗಿ ಮಾರುವ, ಕಣ್ಣು ಕುಕ್ಕುವ ಹಳದಿಯ ಪುಡಿಗೆ ಸೀಸದ ಕ್ರೋಮೇಟ್ ಬೆರೆಸುವುದುಂಟು. ಕೊಂಬು ತಂದು ಮಿಲ್ಲಿನಲ್ಲಿ ಪುಡಿ ಮಾಡಿಸಿಕೊಳ್ಳುವುದು ಒಳ್ಳೆಯದು.

ಶುಗರ್ ಮಾತ್ರೆಯ ಜೊತೆ ಮೆಂತ್ಯ, ಹಾಗಲಕಾಯಿ ರಸ, ಮಧುನಾಶಿನಿ ತೆಗೆದುಕೊಳ್ಳಬಹುದಾ?

ಮೆಂತ್ಯ, ಹಾಗಲಕಾಯಿ ಶುಗರನ್ನು ಸ್ವಲ್ಪ ಇಳಿಸುತ್ತವೆ. ಮಾತ್ರೆ ನಿಲ್ಲಿಸುವಷ್ಟು ಇಳಿಸುವುದಿಲ್ಲ. ತೊಂದರೆ ಬರುವುದು ಗ್ಲಿಮೆಪಿರೈಡ್, ಗ್ಲಿಕ್ಲಜೈಡ್‌ನಂಥ ಮಾತ್ರೆ ಅಥವಾ ಇನ್ಸುಲಿನ್ ಜೊತೆಗೆ ಖಾಲಿ ಹೊಟ್ಟೆಯಲ್ಲಿ ಹಾಗಲದ ರಸ ಕುಡಿದಾಗ. ಬೆವರು, ನಡುಕ, ಎದೆಬಡಿತ, ತಡೆಯಲಾಗದ ಹಸಿವು, ಮಾತು ತೊದಲುವುದು ಕಂಡರೆ ಶುಗರ್ 70ಕ್ಕಿಂತ ಕೆಳಗಿಳಿದಿದೆ ಎಂದುಕೊಳ್ಳಿ. ಮೂರು ಟೀ ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿದು, 15 ನಿಮಿಷ ಬಿಟ್ಟು ಮತ್ತೆ ಪರೀಕ್ಷಿಸಿ. ಪ್ರಜ್ಞೆ ತಪ್ಪಿದವರ ಬಾಯಿಗೆ ಏನನ್ನೂ ಹಾಕದೆ 108ಕ್ಕೆ ಕರೆ ಮಾಡಿ.

ಮಧುನಾಶಿನಿಯ ಎಲೆಯನ್ನು ಚೆನ್ನಾಗಿ ಜಗಿದು, ಬಾಯಿ ಮುಕ್ಕಳಿಸಿ, ಒಂದು ಚಿಟಿಕೆ ಸಕ್ಕರೆ ನಾಲಿಗೆಗಿಟ್ಟು ನೋಡಿ. ಮರಳು ತಿಂದಂತಾಗುತ್ತದೆ. ಸಿಹಿಯನ್ನು ಗುರುತಿಸುವ ಗ್ರಾಹಕಗಳನ್ನು ಅದರ ಅಂಶ ಸ್ವಲ್ಪ ಹೊತ್ತು ಮುಚ್ಚಿಬಿಡುತ್ತದೆ. ‘ನೋಡಿ, ಸಕ್ಕರೆಯನ್ನೇ ಕೊಂದುಬಿಟ್ಟಿತು’ ಎಂದು ತೋರಿಸಿ ಮಾರುವವರಿದ್ದಾರೆ. ನಾಲಿಗೆಯ ಮೇಲೆ ನಡೆದದ್ದು ರಕ್ತದಲ್ಲಿ ನಡೆದಿಲ್ಲ.

ಟೈಪ್ 1 ಮಧುಮೇಹದ ಮಕ್ಕಳ ಇನ್ಸುಲಿನ್ ನಿಲ್ಲಿಸಿ ನಾಟಿ ಮದ್ದು ಕೊಡುವುದು ಜೀವಕ್ಕೇ ಅಪಾಯ. ಕೆಲವೇ ದಿನಗಳಲ್ಲಿ ರಕ್ತ ಆಮ್ಲೀಯವಾಗಿ ಮಗು ಕೋಮಾಕ್ಕೆ ಜಾರಬಹುದು.

ಕೆಮ್ಮಿಗೆ ಅತಿಮಧುರ ಒಳ್ಳೆಯದಲ್ಲವೇ? ನನಗೆ ಬಿಪಿ ಇದೆ.

ಬಿಪಿ ಇದ್ದರೆ ಬೇಡ. ಅತಿಮಧುರದ ಗ್ಲಿಸಿರೈಜಿನ್ ಮೂತ್ರಪಿಂಡದಲ್ಲಿ ಒಂದು ಕಿಣ್ವವನ್ನು ತಡೆಯುತ್ತದೆ. ಆಗ ಉಪ್ಪು ನೀರು ದೇಹದಲ್ಲಿ ಉಳಿದು ಬಿಪಿ ಏರುತ್ತದೆ, ಪೊಟ್ಯಾಸಿಯಂ ಹೊರಹೋಗುತ್ತದೆ, ಕಾಲು ಸೋಲುತ್ತದೆ, ಹೃದಯದ ಲಯ ತಪ್ಪಬಹುದು. ಯುರೋಪಿನಲ್ಲಿ ದಿನಕ್ಕೆ 100 ಮಿಲಿಗ್ರಾಂ ದಾಟಬಾರದು ಎನ್ನುತ್ತಾರೆ. ಬೇರಿನಲ್ಲಿ ಈ ಅಂಶ ನೂರಕ್ಕೆ 4 ಇದ್ದರೂ 3 ಗ್ರಾಂ ಪುಡಿಯಲ್ಲಿ 120 ಮಿಲಿಗ್ರಾಂ ಆಯಿತು. ಮೂತ್ರ ಹೆಚ್ಚಿಸುವ ನೀರುಮಾತ್ರೆ ಅಥವಾ ಹೃದಯದ ಡಿಗಾಕ್ಸಿನ್ ತೆಗೆದುಕೊಳ್ಳುವವರಿಗೆ ಅಪಾಯ ಇನ್ನೂ ಹೆಚ್ಚು.

ಆಪರೇಷನ್ ಇದೆ. ಕಷಾಯ, ಲೇಹ್ಯ ನಿಲ್ಲಿಸಬೇಕಾ?

ಎರಡು ವಾರ ಮೊದಲೇ ನಿಲ್ಲಿಸಿ, ಏನೇನು ತೆಗೆದುಕೊಳ್ಳುತ್ತಿದ್ದಿರಿ ಎಂದು ಅರಿವಳಿಕೆ ವೈದ್ಯರಿಗೆ ಹೇಳಿ. ಬೆಳ್ಳುಳ್ಳಿ, ಶುಂಠಿ, ಅರಿಶಿನದ ಕ್ಯಾಪ್ಸೂಲುಗಳು ರಕ್ತಸ್ರಾವ ಹೆಚ್ಚಿಸಬಹುದು, ಅಶ್ವಗಂಧ ಮಂಪರು ಹೆಚ್ಚಿಸಬಹುದು. ಸಾರಿಗೆ ಹಾಕುವ ಬೆಳ್ಳುಳ್ಳಿಗೆ ಈ ಮಾತು ಅನ್ವಯಿಸದು. ವಾರ್ಫರಿನ್ ಅಥವಾ ಅಸಿಟ್ರಾಮ್ (ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆ) ತೆಗೆದುಕೊಳ್ಳುವವರು ಆಪರೇಷನ್ ಇಲ್ಲದಿದ್ದರೂ ಈ ಕ್ಯಾಪ್ಸೂಲುಗಳಿಂದ ದೂರವಿರಬೇಕು.

ಕಿಡ್ನಿಗೆ ಯಾವುದು ಅಪಾಯ?

ಎರಡು ಹೆಸರು ಮರೆಯಬೇಡಿ: ಬಿಂಬುಳಿ ಮತ್ತು ಈಶ್ವರಿ ಬಳ್ಳಿ.

ಕರಾವಳಿಯ ಮನೆಗಳಲ್ಲಿ ಮೀನು ಸಾರಿಗೆ, ಉಪ್ಪಿನಕಾಯಿಗೆ ಬಿಂಬುಳಿ ಬಳಸುತ್ತಾರೆ, ಅದರಲ್ಲಿ ತೊಂದರೆ ಇಲ್ಲ. ಕೊಲೆಸ್ಟ್ರಾಲ್ ಇಳಿಯುತ್ತದೆ ಎಂದು ಹಸಿ ರಸ ಹಿಂಡಿ ಕುಡಿದಾಗ ಅದರಲ್ಲಿರುವ ವಿಪರೀತ ಆಕ್ಸಲೇಟ್ ಮೂತ್ರಪಿಂಡದ ನಾಳಗಳಲ್ಲಿ ಹರಳುಗಟ್ಟುತ್ತದೆ. 2013ರಲ್ಲಿ ಕೇರಳದ ವೈದ್ಯರು ಹೀಗೆ ಕಿಡ್ನಿ ಕೆಟ್ಟ 10 ಮಂದಿಯ ವಿವರ ಪ್ರಕಟಿಸಿದರು, ಅವರಲ್ಲಿ 7 ಮಂದಿಗೆ ಡಯಾಲಿಸಿಸ್ ಬೇಕಾಯಿತು. ಧಾರೆಹುಳಿಯ ರಸಕ್ಕೂ ಇದೇ ಮಾತು. ಈಗಾಗಲೇ ಕಿಡ್ನಿ ತೊಂದರೆ ಇರುವವರು ಧಾರೆಹುಳಿಯ ಹಣ್ಣನ್ನೇ ಮುಟ್ಟಬಾರದು.

ಈಶ್ವರಿ ಬಳ್ಳಿಯನ್ನು ನಮ್ಮಲ್ಲಿ ವಿಷಹಾರಿ ಎಂದು ಕರೆಯುವುದುಂಟು. ಅದು ಅರಿಸ್ಟೊಲೋಕಿಯಾ ಕುಲದ ಗಿಡ, ಅದರ ಅರಿಸ್ಟೊಲೋಕಿಕ್ ಆಮ್ಲ ಕಿಡ್ನಿಯನ್ನು ಕೆಡಿಸುತ್ತದೆ, ಮೂತ್ರನಾಳದಲ್ಲಿ ಕ್ಯಾನ್ಸರ್ ತರುತ್ತದೆ. 1990ರ ದಶಕದಲ್ಲಿ ಬೆಲ್ಜಿಯಂನಲ್ಲಿ ತೂಕ ಇಳಿಸುವ ಗುಳಿಗೆಯಲ್ಲಿ ಒಂದು ಚೀನೀ ಗಿಡದ ಬದಲು ಇದೇ ಕುಲದ ಇನ್ನೊಂದು ಗಿಡ ಸೇರಿಹೋಗಿ ನೂರಕ್ಕೂ ಹೆಚ್ಚು ಮಹಿಳೆಯರ ಕಿಡ್ನಿ ಹಾಳಾಯಿತು. ಹಾನಿ ಗೊತ್ತಾಗುವ ಹೊತ್ತಿಗೆ ತಡವಾಗಿರುತ್ತದೆ, ಸರಿಯಾಗುವುದಿಲ್ಲ.

ಹಾವು ಕಚ್ಚಿದರೆ?

ಬೇರು, ಸೊಪ್ಪು, ಮಂತ್ರ ಯಾವುದಕ್ಕೂ ನಿಲ್ಲದೆ ಆಸ್ಪತ್ರೆಗೆ ಹೋಗಿ. ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಈ ನಾಲ್ಕರ ವಿಷಕ್ಕೆ ಮದ್ದು ಹಾವಿನ ವಿಷ ತಡೆಯುವ ಎಎಸ್‌ವಿ ಇಂಜೆಕ್ಷನ್ ಒಂದೇ. ವಿಷವಿಲ್ಲದ ಹಾವು ಕಚ್ಚಿದವರು ಸೊಪ್ಪಿನ ರಸ ಕುಡಿದೂ ಬದುಕುತ್ತಾರೆ, ಕುಡಿಯದೆಯೂ ಬದುಕುತ್ತಾರೆ. ಮದ್ದಿಗೆ ಹೆಸರು ಬರುವುದು ಹೀಗೆ. ಕರ್ನಾಟಕದಲ್ಲಿ 2024ರಿಂದ ಹಾವು ಕಡಿತವನ್ನು ಆಸ್ಪತ್ರೆಗಳು ಸರ್ಕಾರಕ್ಕೆ ಕಡ್ಡಾಯವಾಗಿ ವರದಿ ಮಾಡಬೇಕು.

ಕಾಮಾಲೆಗೆ ನಾಟಿ ಮದ್ದೇ ಸರಿ ಅಂತ ಎಲ್ಲರೂ ಹೇಳುತ್ತಾರೆ.

ಈ ನಂಬಿಕೆ ಹುಟ್ಟಿದ್ದು ಹೇಗೆಂದು ಮೊದಲು ನೋಡೋಣ. ನಮ್ಮಲ್ಲಿ ಯುವಕರಿಗೆ ಬರುವ ಕಾಮಾಲೆಯಲ್ಲಿ ಬಹುಪಾಲು ಕೊಳಕು ನೀರಿನಿಂದ ಬರುವ ಹೆಪಟೈಟಿಸ್ ಎ ಮತ್ತು ಇ. ಅವು ಹೆಚ್ಚಿನವರಲ್ಲಿ ಕೆಲವು ವಾರಗಳಲ್ಲಿ ತಾನಾಗಿಯೇ ವಾಸಿಯಾಗುತ್ತವೆ. ಮೂರನೇ ದಿನ ಮದ್ದು ಕುಡಿದು ಮೂರನೇ ವಾರ ಕಣ್ಣು ಬೆಳ್ಳಗಾದರೆ ಕೀರ್ತಿ ಮದ್ದಿಗೆ ಹೋಗುತ್ತದೆ.

ನೆಲನೆಲ್ಲಿ ಹೆಪಟೈಟಿಸ್ ಬಿ ವೈರಸ್ಸನ್ನು ಓಡಿಸುತ್ತದೆ ಎಂದು 1988ರಲ್ಲಿ ಚೆನ್ನೈನಿಂದ ಬಂದ ಅಧ್ಯಯನ ದೊಡ್ಡ ಆಸೆ ಹುಟ್ಟಿಸಿತ್ತು. ಬೇರೆಡೆ ಮತ್ತೆ ಪರೀಕ್ಷಿಸಿದಾಗ ಆ ಫಲ ಸಿಗಲಿಲ್ಲ. ಅದರ ಮೇಲೆ, ನೆಲನೆಲ್ಲಿ ಎಂದು ಮಾರುವ ಕಟ್ಟಿನಲ್ಲಿ ನೋಡಲು ಒಂದೇ ಥರದ ಫಿಲ್ಯಾಂಥಸ್ ಕುಲದ ಮೂರು ನಾಲ್ಕು ಗಿಡಗಳು ಬೆರೆತಿರುತ್ತವೆ.

ನಿಜವಾದ ಅಪಾಯ ಕಾಯುವುದರಲ್ಲಿದೆ. ಕಾಮಾಲೆ ಒಂದು ರೋಗವಲ್ಲ, ಹಲವು ರೋಗಗಳ ಬಣ್ಣ. ಪಿತ್ತನಾಳಕ್ಕೆ ಕಲ್ಲು ಅಡ್ಡ ಬಂದಿರಬಹುದು, ಮೇದೋಜೀರಕದಲ್ಲಿ ಗಡ್ಡೆ ಇರಬಹುದು, ಇಲಿಜ್ವರ ಇರಬಹುದು, ಕ್ಷಯದ ಮಾತ್ರೆಯಿಂದಲೂ ಆಗಿರಬಹುದು. ಮಲ ಸುಣ್ಣದ ಬಣ್ಣಕ್ಕೆ ತಿರುಗಿ ಮೈಯೆಲ್ಲ ತುರಿಕೆ ಇದ್ದರೆ ನಾಳ ಕಟ್ಟಿರಬಹುದು, ಕಷಾಯದಿಂದ ಅದು ಬಿಚ್ಚುವುದಿಲ್ಲ. ಮೊದಲು ಎಲ್‌ಎಫ್‌ಟಿ, ಪಿಟಿ-ಐಎನ್‌ಆರ್ (ಯಕೃತ್ತಿನ ಪರೀಕ್ಷೆ, ರಕ್ತ ಹೆಪ್ಪುಗಟ್ಟುವ ಪರೀಕ್ಷೆ) ಮತ್ತು ಹೊಟ್ಟೆಯ ಸ್ಕ್ಯಾನಿಂಗ್ ಮಾಡಿಸಿ. ನಂತರ ಪಥ್ಯದ ಮಾತು. ಹಗಲು ನಿದ್ದೆ, ರಾತ್ರಿ ಎಚ್ಚರ, ತಬ್ಬಿಬ್ಬು ಮಾತು, ವಸಡಿನಲ್ಲಿ ರಕ್ತ, ನಿಲ್ಲದ ವಾಂತಿ ಇದ್ದರೆ ಅದೇ ಗಂಟೆಯಲ್ಲಿ ದೊಡ್ಡ ಆಸ್ಪತ್ರೆ ಸೇರಬೇಕು. ಬಸುರಿಯರಲ್ಲಿ ಹೆಪಟೈಟಿಸ್ ಇ ಬಹಳ ಬೇಗ ಉಲ್ಬಣಿಸುತ್ತದೆ, ಒಂದು ದಿನವೂ ಕಾಯಬಾರದು.

ಮೂಗಿಗೆ ರಸ ಬಿಟ್ಟು ಹಳದಿ ನೀರು ಸುರಿಸಿ ‘ಕಾಮಾಲೆ ಇಳಿಯಿತು’ ಎನ್ನುವ ಪದ್ಧತಿ ಇದೆ. ಸುರಿಯುವುದು ಪಿತ್ತವಲ್ಲ, ಮೂಗಿನ ಒಳಪೊರೆ ಸುಟ್ಟು ಒಸರುವ ದ್ರವ. ಬರೆ ಹಾಕುವುದರಿಂದ ಗಾಯವಷ್ಟೇ ಉಳಿಯುತ್ತದೆ. ಉಪ್ಪು, ಎಣ್ಣೆ ಪೂರ್ತಿ ಬಿಡಿಸಿ ಬರೀ ಗಂಜಿಯ ಮೇಲೆ ಇಡುವುದೂ ಬೇಡ, ಯಕೃತ್ತು ಚೇತರಿಸಿಕೊಳ್ಳಲು ಊಟ ಬೇಕು.

ಭಸ್ಮ, ರಸೌಷಧಿಗಳಲ್ಲಿ ಪಾದರಸ, ಸೀಸ ಇರುತ್ತದೆಯೇ?

ಕೆಲವಕ್ಕೆ ಉದ್ದೇಶಪೂರ್ವಕವಾಗಿಯೇ ಹಾಕುತ್ತಾರೆ. ರಸಸಿಂಧೂರ ಪಾದರಸ ಗಂಧಕದ ಸಂಯುಕ್ತ, ನಾಗಭಸ್ಮ ಸೀಸದ್ದು. ಬರೀ ಗಿಡಮೂಲಿಕೆಯ ಔಷಧಿಗಳಿಗೆ ನಮ್ಮ ದೇಶದ ಮಿತಿ ಸೀಸ 10, ಆರ್ಸೆನಿಕ್ 3, ಪಾದರಸ 1, ಕ್ಯಾಡ್ಮಿಯಂ 0.3 ಪಿಪಿಎಂ (ಹತ್ತು ಲಕ್ಷದಲ್ಲಿ ಅಷ್ಟು ಭಾಗ). 2004ರಲ್ಲಿ ಅಮೆರಿಕದ ಬಾಸ್ಟನ್ ಸುತ್ತಲಿನ ಅಂಗಡಿಗಳಿಂದ ತಂದ 70 ಆಯುರ್ವೇದ ಉತ್ಪನ್ನಗಳನ್ನು ಪರೀಕ್ಷಿಸಿದಾಗ 14ರಲ್ಲಿ ಭಾರಲೋಹ ಸಿಕ್ಕಿತು. 2008ರಲ್ಲಿ ಇಂಟರ್ನೆಟ್ಟಿನಲ್ಲಿ ಕೊಂಡ 193ರಲ್ಲೂ ಸುಮಾರು ಐದನೇ ಒಂದು ಭಾಗದಲ್ಲಿ ಸಿಕ್ಕಿತು.

ಸೀಸ ಏರಿದರೆ ಸುತ್ತಿ ಸುತ್ತಿ ಬರುವ ಹೊಟ್ಟೆನೋವು, ಮಲಬದ್ಧತೆ, ರಕ್ತಹೀನತೆ, ಕೈ ಸೋಲು ಕಾಣುತ್ತವೆ. ಕಾರಣ ಸಿಗದ ಹೊಟ್ಟೆನೋವಿಗೆ ಎಂಡೋಸ್ಕೋಪಿ ಮೇಲೆ ಎಂಡೋಸ್ಕೋಪಿ ಮಾಡಿಸಿಕೊಂಡವರು ಒಮ್ಮೆ ರಕ್ತದಲ್ಲಿ ಸೀಸದ ಪರೀಕ್ಷೆಯನ್ನೂ ಕೇಳಿ. ಮಕ್ಕಳು, ಬಸುರಿಯರು, ಬಾಣಂತಿಯರಿಗೆ ಲೋಹದ ಔಷಧಿ ಕೊಡಲೇಬಾರದು ಎಂಬುದು ನಮ್ಮ ಖಚಿತ ನಿಲುವು.

ಹೆಸರಿಲ್ಲದ ಪುಡಿ ತಿಂದು ಎರಡೇ ದಿನದಲ್ಲಿ ಮಂಡಿನೋವು ಮಾಯವಾಯಿತು. ಮುಂದುವರಿಸಲಾ?

ಅಷ್ಟು ಬೇಗ ಮಾಯವಾದದ್ದೇ ಅನುಮಾನಕ್ಕೆ ಕಾರಣ. ಉಬ್ಬಸ, ಕೀಲುನೋವಿನ ಪುಡಿಗಳಿಗೆ ಡೆಕ್ಸಾಮೆಥಸೋನ್‌ನಂಥ ಸ್ಟೀರಾಯ್ಡ್ ಅಥವಾ ನೋವಿನ ಮಾತ್ರೆ ಪುಡಿ ಮಾಡಿ ಬೆರೆಸುವುದು ಹಳೆಯ ಮೋಸ. ಮುಖ ದುಂಡಗಾಗುವುದು, ಹಸಿವು ಮತ್ತು ತೂಕ ಏರುವುದು, ಶುಗರ್ ಬಿಪಿ ಏರುವುದು, ಚರ್ಮ ಕಾಗದದಂತೆ ತೆಳುವಾಗಿ ನೀಲಿಗಟ್ಟುವುದು, ಪುಡಿ ಬಿಟ್ಟ ಕೂಡಲೇ ನೋವು ದುಪ್ಪಟ್ಟಾಗುವುದು ಅದರ ಗುರುತು.

ಕೆಲವು ವಾರ ತಿಂದಿದ್ದರೆ ಏಕಾಏಕಿ ನಿಲ್ಲಿಸಬೇಡಿ. ದೇಹ ತನ್ನ ಸ್ಟೀರಾಯ್ಡ್ ತಯಾರಿಸುವುದನ್ನು ನಿಲ್ಲಿಸಿರುತ್ತದೆ, ಥಟ್ಟನೆ ಬಿಟ್ಟರೆ ಬಿಪಿ ಕುಸಿದು ಪ್ರಾಣಕ್ಕೆ ಬರಬಹುದು. ಪುಡಿಯ ಪೊಟ್ಟಣವನ್ನೇ ಹಿಡಿದು ಫಿಸಿಷಿಯನ್ ಬಳಿ ಹೋಗಿ. ಅವರು ಹಂತಹಂತವಾಗಿ ಬಿಡಿಸುತ್ತಾರೆ.

ಮಗುವಿಗೆ ಬಜೆ ತೇಯ್ದು ನೆಕ್ಕಿಸುವುದು, ಜೇನು ಕೊಡುವುದು ಸರಿಯೇ?

ಬೇಡ. ಅಜ್ಜಿಯರು ಪ್ರೀತಿಯಿಂದಲೇ ಕೊಡುತ್ತಾರೆ, ಅವರ ಮನಸ್ಸು ನೋಯಿಸದೆ ಹೇಳಬೇಕಾದ ಮಾತಿದು. ನಮ್ಮ ದೇಶದ ಬಜೆಯಲ್ಲಿ ಬೀಟಾ ಅಸರೋನ್ ಎಂಬ ಅಂಶ ಹೆಚ್ಚು. ಇಲಿಗಳಲ್ಲಿ ಅದು ಗಡ್ಡೆ ತಂದ ಕಾರಣ ಅಮೆರಿಕ 1968ರಲ್ಲೇ ಬಜೆಯನ್ನು ಆಹಾರದಲ್ಲಿ ನಿಷೇಧಿಸಿತು. ತೇಯುವ ಕಲ್ಲು, ಬೆರಳು, ನೀರಿನಿಂದ ಬರುವ ಸೋಂಕು ಬೇರೆ. ಒಂದು ವರ್ಷದೊಳಗಿನ ಮಗುವಿಗೆ ಜೇನು ಬೇಡ, ಅದರಲ್ಲಿರಬಹುದಾದ ಬೊಟುಲಿಸಂ ಬೀಜಾಣು ಎಳೆ ಕರುಳಿನಲ್ಲಿ ಮೊಳೆಯುತ್ತದೆ. ಮೊದಲ ಆರು ತಿಂಗಳು ಎದೆಹಾಲು ಬಿಟ್ಟು ಏನೂ ಬೇಡ.

ಕರ್ಪೂರ, ನೀಲಗಿರಿ ತೈಲ ಒಂದು ಚಮಚದಷ್ಟು ಹೊಟ್ಟೆಗೆ ಹೋದರೂ ಮಗುವಿಗೆ ಫಿಟ್ಸ್ ಬರಬಹುದು. ಪೂಜೆಯ ಕರ್ಪೂರದ ಡಬ್ಬಿ ಮಗುವಿನ ಕೈಗೆ ಸಿಗದಂತೆ ಮೇಲಿಡಿ. ಜಂತುಹುಳಕ್ಕೆಂದು ಬೇವಿನೆಣ್ಣೆ ಕುಡಿಸಿ ಮೆದುಳು ಮತ್ತು ಯಕೃತ್ತು ಕೆಟ್ಟು ಮಕ್ಕಳು ತೀರಿಕೊಂಡ ಪ್ರಕರಣಗಳು ವೈದ್ಯಕೀಯ ದಾಖಲೆಯಲ್ಲಿವೆ. ಜಂತುಹುಳಕ್ಕೆ ಆಲ್ಬೆಂಡಜೋಲ್ ಮಾತ್ರೆ ಅಂಗನವಾಡಿಯಲ್ಲೇ ಉಚಿತವಾಗಿ ಸಿಗುತ್ತದೆ.

ಸೋರೆಕಾಯಿ ರಸ, ಲೋಳೆಸರದ ರಸ?

ಸೋರೆಕಾಯಿಯ ಒಂದು ಚೂರನ್ನು ಮೊದಲು ನಾಲಿಗೆಗೆ ಮುಟ್ಟಿಸಿ. ಕಹಿ ಇದ್ದರೆ ಇಡೀ ಕಾಯಿ ಎಸೆಯಿರಿ. ಕಹಿ ಎಂದರೆ ಕುಕುರ್ಬಿಟಸಿನ್ ವಿಷ, ಅದು ರಕ್ತವಾಂತಿ ಮಾಡಿಸಿ ಬಿಪಿ ಕುಸಿಸುತ್ತದೆ. ನೆಲ್ಲಿಕಾಯಿ, ಹಾಗಲದ ಜೊತೆ ರುಬ್ಬಿದರೆ ಈ ಕಹಿ ಗೊತ್ತಾಗದೇ ಹೋಗುತ್ತದೆ, ಹಾಗಾಗಿ ಬೆರೆಸಬೇಡಿ.

ಲೋಳೆಸರದ ಎಲೆ ಕತ್ತರಿಸಿ ಕತ್ತರಿಸಿದ ತುದಿ ಕೆಳಗೆ ಮಾಡಿ ಇಪ್ಪತ್ತು ನಿಮಿಷ ನಿಲ್ಲಿಸಿದರೆ ಹಳದಿ ರಸ ಇಳಿಯುತ್ತದೆ. ಸಿಪ್ಪೆ ಹಸಿರು ಉಳಿಯದಂತೆ ತೆಗೆದು, ತಿರುಳನ್ನು ಕಹಿ ಹೋಗುವವರೆಗೆ ತೊಳೆಯಿರಿ. ಆ ಹಳದಿ ರಸವೇ ಭೇದಿ, ಹೊಟ್ಟೆನುಲಿ ತರುವುದು. ಬಸುರಿಯರಿಗೆ ಲೋಳೆಸರ ಹೊಟ್ಟೆಗೆ ಬೇಡವೇ ಬೇಡ.

ಅಂಗಡಿಯಲ್ಲಿ ಕೊಳ್ಳುವಾಗ ಏನು ನೋಡಬೇಕು?

ಆಯುರ್ವೇದ ಔಷಧಿಯ ಲೇಬಲ್ಲಿನ ಮೇಲೆ ತಯಾರಕರ ವಿಳಾಸ, ಉತ್ಪಾದನಾ ಲೈಸೆನ್ಸ್ ಸಂಖ್ಯೆ, ಬ್ಯಾಚ್ ಸಂಖ್ಯೆ, ತಯಾರಾದ ದಿನ, ಅವಧಿ ಮುಗಿಯುವ ದಿನ, ಪ್ರತಿ ಘಟಕದ ಹೆಸರು ಮತ್ತು ಪ್ರಮಾಣ ಇರಬೇಕು. ವಿಷದ್ರವ್ಯ ಇದ್ದರೆ ವೈದ್ಯರ ಮೇಲ್ವಿಚಾರಣೆಯಲ್ಲಿ ಬಳಸಬೇಕೆಂಬ ಎಚ್ಚರಿಕೆ ಇರಲೇಬೇಕು. ಲೈಸೆನ್ಸ್ ಸಂಖ್ಯೆಯ ಬದಲು ಆಹಾರ ಸುರಕ್ಷತಾ ಪ್ರಾಧಿಕಾರದ 14 ಅಂಕಿಯ ಎಫ್‌ಎಸ್‌ಎಸ್‌ಎಐ ಸಂಖ್ಯೆ ಮಾತ್ರ ಇದ್ದರೆ ಅದು ಕಾನೂನಿನ ಪ್ರಕಾರ ಆಹಾರ, ಔಷಧಿಯಲ್ಲ. ‘ಶುಗರ್ ಶಾಶ್ವತ ಪರಿಹಾರ’, ‘ಕ್ಯಾನ್ಸರ್ ಗ್ಯಾರಂಟಿ ವಾಸಿ’ ಎಂಬ ಜಾಹೀರಾತು 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಜಾಹೀರಾತು ಕಾಯ್ದೆಯ ಪ್ರಕಾರ ಅಪರಾಧ. ಅಂಥ ಮಾತು ಕಂಡಲ್ಲಿ ಕೊಳ್ಳಬೇಡಿ.

ಗ್ರಂಥಿಗೆ ಅಂಗಡಿಯಲ್ಲಿ ಬಿಡಿ ಮೂಲಿಕೆ ಕೊಳ್ಳುವಾಗ ಇಡಿಯಾದದ್ದನ್ನೇ ಕೇಳಿ, ಪುಡಿ ಬೇಡ. ಅಶೋಕದ ತೊಗಟೆಯ ಹೆಸರಿನಲ್ಲಿ ರಸ್ತೆ ಬದಿಯ ಕಂಬದ ಅಶೋಕದ ತೊಗಟೆ ಬರುವುದು ಸಾಮಾನ್ಯ, ಎರಡೂ ಬೇರೆ ಬೇರೆ ಕುಟುಂಬದ ಮರಗಳು.

ವೈದ್ಯರ ವಿಷಯದಲ್ಲಿ, ಆಯುರ್ವೇದ ಪದವಿಯಾದ ಬಿಎಎಂಎಸ್ ಓದಿದವರೋ, ಕರ್ನಾಟಕ ಆಯುರ್ವೇದ ಮತ್ತು ಯುನಾನಿ ವೈದ್ಯ ಮಂಡಳಿಯಲ್ಲಿ ನೋಂದಣಿ ಇದೆಯೋ ಎಂದು ಕೇಳುವುದರಲ್ಲಿ ಸಂಕೋಚ ಬೇಡ. ಔಷಧಿಯ ಹೆಸರನ್ನು ಚೀಟಿಯಲ್ಲಿ ಬರೆದುಕೊಡಲು ಒಪ್ಪದವರ ಬಳಿ ಹೋಗಬೇಡಿ.

ವಿದೇಶದಲ್ಲಿರುವ ಮಕ್ಕಳಿಗೆ ಕಳಿಸಬಹುದಾ?

ಆ ದೇಶದ ನಿಯಮ ನೋಡಿ ಕಳಿಸಿ. ಡೆನ್ಮಾರ್ಕ್ 2023ರಲ್ಲಿ ಅಶ್ವಗಂಧ ನಿಷೇಧಿಸಿತು. ದುಬೈ, ಅಬುಧಾಬಿಗೆ ಹೋಗುವವರ ಬ್ಯಾಗಿನಲ್ಲಿ ಗಸಗಸೆ ಒಂದು ಚಮಚವೂ ಇರಬಾರದು, ಅಲ್ಲಿ ಅದು ಮಾದಕ ವಸ್ತುವಿನ ಅಪರಾಧ. ಅಶ್ವಗಂಧ ಥೈರಾಯ್ಡ್ ಹಾರ್ಮೋನ್ ಏರಿಸಬಲ್ಲದು, ಯಕೃತ್ತಿಗೆ ತೊಂದರೆ ಕೊಟ್ಟ ಪ್ರಕರಣಗಳೂ ಇವೆ. ಥೈರಾಯ್ಡ್ ಮಾತ್ರೆ ನುಂಗುವ ಮಗಳಿಗೆ ‘ಶಕ್ತಿಗೆ’ ಎಂದು ಕಳಿಸುವ ಮುನ್ನ ಯೋಚಿಸಿ.

ಡಾಕ್ಟರಿಗೆ ಹೇಳಿದರೆ ಬೈಯುತ್ತಾರೆ. ಹೇಳಲೇಬೇಕಾ?

ಹೇಳಲೇಬೇಕು. ಡಬ್ಬಿಗಳ ಫೋಟೋ ಮೊಬೈಲಿನಲ್ಲಿರಲಿ, ಶುರು ಮಾಡಿದ ದಿನಾಂಕ ಬರೆದಿಡಿ. ಕಿಡ್ನಿ ಕಸಿ ಮಾಡಿಸಿಕೊಂಡವರು, ಕೀಮೋ ಪಡೆಯುತ್ತಿರುವವರು, ಎಚ್‌ಐವಿ ಮಾತ್ರೆ ತೆಗೆದುಕೊಳ್ಳುವವರು ಒಂದು ಹೊಸ ಕಷಾಯವನ್ನೂ ಕೇಳದೆ ಶುರು ಮಾಡಬಾರದು. ಬೈದರೆ ಬೈಯಲಿ, ಆ ಮಾಹಿತಿ ಅವರ ಕೈಯಲ್ಲಿರಬೇಕು.

ತೊಂದರೆಯಾಯಿತು ಅನ್ನಿಸಿದರೆ ಏನು ಮಾಡಬೇಕು?

ಔಷಧಿ ನಿಲ್ಲಿಸಿ. ಮೇಲೆ ಹೇಳಿದ ಸ್ಟೀರಾಯ್ಡ್ ಅನುಮಾನ ಇದ್ದರೆ ಮಾತ್ರ ವೈದ್ಯರನ್ನು ಕೇಳಿ ನಿಲ್ಲಿಸಿ. ಉಳಿದ ಪುಡಿ, ಕಷಾಯದ ಚರಟ, ಡಬ್ಬಿ, ಬಿಲ್ ಯಾವುದನ್ನೂ ಎಸೆಯಬೇಡಿ, ಲ್ಯಾಬಿಗೆ ಬೇಕಾಗುತ್ತದೆ. ಹೊಸ ಗಿಡಮೂಲಿಕೆ ಶುರು ಮಾಡಿದ ಮೂರು ತಿಂಗಳೊಳಗೆ ಹಸಿವು ಸತ್ತರೆ, ಮೂತ್ರ ಚಹಾ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದರೆ, ಮೈ ತುರಿಸಿದರೆ ಅಂದೇ ಎಲ್‌ಎಫ್‌ಟಿ ಮಾಡಿಸಿ. ಕಾಲು ಊದಿದರೆ, ಮೂತ್ರ ಕಡಿಮೆಯಾದರೆ ಕಿಡ್ನಿಯ ಸ್ಥಿತಿ ತಿಳಿಸುವ ಕ್ರಿಯಾಟಿನಿನ್ ನೋಡಿಸಿ. ಯಕೃತ್ತಿನ ಪರೀಕ್ಷೆ ಸರಿಹೋದ ಮೇಲೆ ‘ಒಮ್ಮೆ ನೋಡೋಣ’ ಎಂದು ಅದೇ ಔಷಧಿ ಮತ್ತೆ ತೆಗೆದುಕೊಳ್ಳಬೇಡಿ. ಎರಡನೇ ಸಲದ ಪೆಟ್ಟು ಮೊದಲಿಗಿಂತ ಬಲವಾಗಿರುತ್ತದೆ.

ವರದಿ ಮಾಡುವುದನ್ನೂ ಬಿಡಬೇಡಿ. ಆಯುಷ್ ಔಷಧಿಗಳ ಅಡ್ಡಪರಿಣಾಮ ದಾಖಲಿಸುವ ರಾಷ್ಟ್ರೀಯ ವ್ಯವಸ್ಥೆಗೆ ದೆಹಲಿಯ ಅಖಿಲ ಭಾರತ ಆಯುರ್ವೇದ ಸಂಸ್ಥೆ ಕೇಂದ್ರ, ಹಲವು ಆಯುರ್ವೇದ ಕಾಲೇಜುಗಳಲ್ಲಿ ಅದರ ಘಟಕಗಳಿವೆ. ಎಲ್ಲ ಔಷಧಿಗಳ ಅಡ್ಡಪರಿಣಾಮಕ್ಕೆ ಉಚಿತ ಸಹಾಯವಾಣಿ 1800-180-3024. ಬ್ಯಾಚ್ ಸಂಖ್ಯೆ, ಶುರು ಮಾಡಿದ ಮತ್ತು ನಿಲ್ಲಿಸಿದ ದಿನ, ಜೊತೆಗೆ ತೆಗೆದುಕೊಳ್ಳುತ್ತಿದ್ದ ಮಾತ್ರೆಗಳ ಪಟ್ಟಿ ಕೈಯಲ್ಲಿಟ್ಟುಕೊಂಡು ಕರೆ ಮಾಡಿ.